ಎಲ್ರಿಗೂ ಕಂಡ್ತಾ?

ಗಟ್ಟಿ ನೆಲದ ಮೇಲೂ ಅವರು ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು. ಸೊಂಟವನ್ನು ಗೋಡೆಗೋ ಕಂಬಕ್ಕೋ ಒರಗಿಸಿ, ಎರಡೂ ಕೈ ಖಾಲಿ ಬಿಟ್ಟುಕೊಂಡು. ಹಾಲಿನ ಬೂತಿನ ಮುಂದೆಯೂ ಅಷ್ಟೆ, ಮದುವೆ ಊಟದ ಸಾಲಿನಲ್ಲೂ ಅಷ್ಟೆ. ಭೂಮಿ ಯಾವ ಗಳಿಗೆಯಲ್ಲಿ ಬ್ರೇಕ್ ಹಾಕಿಬಿಡುತ್ತದೋ ಎಂಬ ಅನುಮಾನ ಅವರ ಕಾಲುಗಳಿಗೆ ಇದ್ದೇ ಇತ್ತು. ಎಡಗೈಯ ಬೆರಳುಗಳು ಪೂರ್ತಿ ಕೂಡುತ್ತಿರಲಿಲ್ಲ. ನೋಟುಗಳನ್ನು ಉದ್ದಕ್ಕೆ ಮಡಿಸಿ ಬೆರಳ ಸಂದಿಗೆ ಸಿಕ್ಕಿಸಿಕೊಂಡೇ ಸರ್ವಿಸ್ ಕಳೆದ ಕೈ ಅದು. ದೇವರಿಗೆ ಕೈ ಮುಗಿದಾಗಲೂ ಸಂದಿಯಲ್ಲಿ ಆಚೆಯ ದೀಪ ಕಾಣುತ್ತಿತ್ತು.

ನಮ್ಮ ಬೀದಿಗೆಲ್ಲ ಅವರು ಕಂಡಕ್ಟರಮ್ಮ. ಕುಂದಾಣದ ಕಡೆ ಬೇಸಾಯದ ಮನೆಯಲ್ಲಿ ಹುಟ್ಟಿ, ಬಸ್ ಡ್ರೈವರೊಬ್ಬರನ್ನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದವರು. ಗಂಡ ಸಣ್ಣ ವಯಸ್ಸಿಗೇ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅವರಿಗೆ ಕಂಡಕ್ಟರ್ ಕೆಲಸ ಸಿಕ್ಕಿತ್ತು. ಬಹುಪಾಲು ಸರ್ವಿಸ್ ದಾಬಸ್‌ಪೇಟೆ ರೂಟಿನಲ್ಲೇ ಮುಗಿಸಿ ರಿಟೈರ್ ಆದರು. ನಾನು ಎದುರಿಗೆ ‘ಅಕ್ಕ’ ಎನ್ನುತ್ತಿದ್ದೆ, ಬೆನ್ನ ಹಿಂದೆ ‘ಕಂಡಕ್ಟರಮ್ಮ’ ಎನ್ನುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

ನಮ್ಮದು ಮಗ್ಗದ ಮನೆ. ಮುಂದಿನ ಹಜಾರದಲ್ಲಿ ಮಗ್ಗಗಳು, ಹಿಂದೆ ನಾವು. ಲಾಳಿಯ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲು ದೊಡ್ಡದಾಯಿತು, ನಾಲಿಗೆಯೂ ಖಾರವಾಯಿತು. ಒಂದು ಬೆಳಿಗ್ಗೆ ನಮ್ಮ ಯಜಮಾನರು ನೇಯುತ್ತಿದ್ದ ಸೀರೆಯ ಮುಂದೆಯೇ ಕುಸಿದು ಕುಳಿತರು, ಮತ್ತೆ ಏಳಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಮೈದುನ ಮಗ್ಗಗಳಿಗೆ ಗಿರಾಕಿ ಹುಡುಕಿ ಮಾರಿಕೊಟ್ಟ. ಮನೆ ಸುಮ್ಮನಾಯಿತು. ಆ ಸದ್ದಿಲ್ಲದ ಮನೆಯಲ್ಲಿ ನಾನು ಮಾಡುವುದನ್ನೆಲ್ಲ ಮಾಡುತ್ತಿದ್ದೆ. ಗುಡಿಸುತ್ತಿದ್ದೆ, ಬೇಯಿಸುತ್ತಿದ್ದೆ, ಕಾಲೇಜಿಗೆ ಹೊರಟ ಮಗಳಿಗೆ ಡಬ್ಬಿ ಕಟ್ಟುತ್ತಿದ್ದೆ. ಸಾಯಂಕಾಲ ಅವಳು, “ಅಮ್ಮ, ಸಾರಿಗೆ ಮತ್ತೆ ಎರಡು ಸಲ ಉಪ್ಪು ಹಾಕಿದ್ದೀಯ” ಎಂದರೆ, “ಓ, ಹೌದಾ” ಎನ್ನುತ್ತಿದ್ದೆ. ಅಷ್ಟೆ.

ಅಳು ಬರಲಿಲ್ಲ. ತಡೆದುಕೊಂಡೆ ಎಂದಲ್ಲ, ಬರಲೇ ಇಲ್ಲ. ಬಂದವರೆಲ್ಲ, “ಅತ್ತುಬಿಡಮ್ಮ, ಹಗುರಾಗ್ತೀಯ” ಎನ್ನುತ್ತಿದ್ದರು. ಅದೇನು ನಲ್ಲಿಯೇ, ತಿರುಗಿಸಿದರೆ ಬರುವುದಕ್ಕೆ? ಎರಡು ತಿಂಗಳ ಮೇಲೆ ಅವರೇ ಹಿಂದಿನಿಂದ, “ಕಲ್ಲೆದೆ ಕಣ್ರೀ ಅವಳದ್ದು” ಎಂದು ಮಾತಾಡಿಕೊಂಡರು. ಅದೂ ನನ್ನ ಕಿವಿಗೆ ಬಿತ್ತು. ಬೇಜಾರೂ ಆಗಲಿಲ್ಲ. ಹೊತ್ತು ಹೋಗದಿದ್ದರೆ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ನಿಲ್ಲುತ್ತಿದ್ದೆ. ಯಾರನ್ನೂ ನೋಡುತ್ತಿರಲಿಲ್ಲ, ಸುಮ್ಮನೆ ನಿಲ್ಲುವುದು.

ಹಾಗೆ ನಿಂತಿದ್ದ ಒಂದು ಶನಿವಾರ ಕಂಡಕ್ಟರಮ್ಮ ಮುಂದೆ ಬಂದು ನಿಂತರು. ಚಳಿಗಾಲ ಆಗಷ್ಟೇ ಶುರುವಾಗಿತ್ತು.

“ನಾಳೆ ಬೆಳಿಗ್ಗೆ ಆರಕ್ಕೆ ರೆಡಿಯಾಗಿರು. ಸ್ವೆಟರ್ ಹಾಕ್ಕೋ, ತಲೆಗೆ ಏನಾದ್ರೂ ಸುತ್ಕೋ.”

“ಎಲ್ಲಿಗಕ್ಕ?”

“ಹೊಳೆ ದಂಡೇಗೆ. ಹಕ್ಕಿ ನೋಡಕ್ಕೆ.”

“ನಂಗ್ಯಾವ ಹಕ್ಕೀನೂ ಬೇಡ.”

“ನಿಂಗೆ ಬೇಕು ಅಂತ ಯಾರಂದ್ರು? ಆಟೋದಲ್ಲಿ ಒಂದು ಸೀಟು ಖಾಲಿ ಐತೆ. ಖಾಲಿ ಸೀಟು ನಂಗೆ ಆಗಲ್ಲ. ಬಾ.”

ಬೇಡ ಎಂದು ಜಗಳವಾಡುವುದಕ್ಕೂ ಒಂದು ಚೈತನ್ಯ ಬೇಕು. ನನ್ನಲ್ಲಿ ಅದಿರಲಿಲ್ಲ. ಹೋದೆ.

ಅರ್ಕಾವತಿಯನ್ನು ನದಿ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ನಂದಿಬೆಟ್ಟದ ಬುಡದಿಂದ ಇಳಿದು ಕೆರೆಯಿಂದ ಕೆರೆಗೆ ನುಸುಳಿಕೊಂಡು ಬರುವ ನದಿ ಅದು. ಮಳೆ ಕೈಕೊಟ್ಟ ವರ್ಷ ಮರಳು, ಜಾಲಿ, ಅಲ್ಲಲ್ಲಿ ಒಂದು ಗುಂಡಿ ನೀರು. ಆ ವರ್ಷ ಮಳೆ ಚೆನ್ನಾಗಿ ಆಗಿ ಕೆರೆಗಳು ಕೋಡಿ ಬಿದ್ದಿದ್ದವು. ಊರಿನಾಚೆ, ಒಂದು ಕೆರೆಯ ಕೋಡಿ ನೀರು ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ, ಎರಡೂ ಕಡೆ ಜೊಂಡು ಆಳೆತ್ತರ ಬೆಳೆದಿತ್ತು. ಅದರ ಪಕ್ಕದ ದಂಡೆಯ ಮೇಲೆ ಪ್ರತಿ ಭಾನುವಾರ, ಚಳಿ ಮುಗಿಯುವ ತನಕ, ಒಂದಷ್ಟು ಜನ ನಡೆಯುತ್ತಿದ್ದರು. ಮುಂದೆ ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರು, ಕೊರಳಲ್ಲಿ ದುರ್ಬೀನು. ಹಕ್ಕಿಗಳ ಹೆಸರೆಲ್ಲ ಗೊತ್ತಿದ್ದದ್ದು ಅವರೊಬ್ಬರಿಗೇ. ನಡುವೆ ಬ್ಯಾಂಕಿನವರು, ಟೀಚರುಗಳು, ಮಾರುದ್ದದ ಕ್ಯಾಮೆರಾ ಹೊತ್ತ ಒಬ್ಬ ಯುವಕ. ಎಲ್ಲರ ಹಿಂದೆ, ಹಿಂಬಾಗಿಲ ಜಾಗದಲ್ಲಿ, ನಮ್ಮ ಕಂಡಕ್ಟರಮ್ಮ.

ಮೇಷ್ಟ್ರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಬಸ್ಸಿನಲ್ಲೇ ಓಡಾಡಿದವರಂತೆ. ಇವರು ರಿಟೈರ್ ಆದ ಮೇಲೆ ಕರೆದದ್ದು ಮೇಷ್ಟ್ರೇ. “ರಾಗಿ ಹೊಲದಾಗೆ ಅಟ್ಟಣೆ ಮೇಲೆ ಕೂತು ಕವಣೆ ಬೀಸಿ ಹಕ್ಕಿ ಓಡಿಸ್ತಿದ್ದೋಳು ನಾನು. ಈಗ ಅದೇ ಹಕ್ಕಿ ನೋಡಕ್ಕೆ ಚಳೀಲಿ ಎದ್ದು ಬತ್ತೀನಿ. ಪಾಪ ತೊಳಕೊಳ್ಳೋದು ಅಂದ್ರೆ ಇದೇ ಇರ್ಬೇಕು” ಎಂದು ಕಂಡಕ್ಟರಮ್ಮ ನಗುತ್ತಿದ್ದರು. ಮೊದಲ ಭಾನುವಾರವೇ ಒಂದು ಎಡವಟ್ಟು ಮಾಡಿದ್ದರಂತೆ. ಜನ ಚೆಲ್ಲಾಪಿಲ್ಲಿ ನಿಂತಿದ್ದನ್ನು ನೋಡಿ, ಅಭ್ಯಾಸ ಬಲದಿಂದ ಕೊರಳಲ್ಲಿದ್ದ ಸೀಟಿ ತೆಗೆದು ಜೋರಾಗಿ ಊದಿಬಿಟ್ಟರು. ನೀರಿನ ಮೇಲಿದ್ದ ಬಾತುಗಳೆಲ್ಲ ಒಟ್ಟಿಗೆ ಎದ್ದು, ಸುತ್ತು ಹೊಡೆದು, ನೆಲಮಂಗಲದ ದಿಕ್ಕಿಗೆ ಹೋಗೇ ಹೋದವು. ಅವತ್ತಿಗೆ ಹಕ್ಕಿ ನೋಡುವುದು ಮುಗಿದೇ ಹೋಯಿತು. ಮೇಷ್ಟ್ರು ಕೈ ಮುಗಿದು, “ಅಮ್ಮಾ, ಇಲ್ಲಿ ಗಂಟಲು ಕೂಡ ಜೋರು ಮಾಡ್ಬಾರ್ದು” ಎಂದ ಮೇಲೆ ಸೀಟಿ ಸೆರಗಿನೊಳಗೆ ಹೋಯಿತು. ಆದರೆ ಸೀಟಿಯ ಕೆಲಸ ನಿಲ್ಲಲಿಲ್ಲ.

ಆ ಕೆಲಸ ಹೀಗಿತ್ತು. ಮೇಷ್ಟ್ರು ಹಕ್ಕಿ ಕಂಡ ಕೂಡಲೇ ಕೈ ಎತ್ತುತ್ತಾರೆ, ಎಲ್ಲರೂ ನಿಲ್ಲುತ್ತಾರೆ. ಅವರು ಪಿಸುದನಿಯಲ್ಲಿ ಗುರುತು ಹೇಳುತ್ತಾರೆ: ಆ ಬಾಗಿದ ಕೊಂಬೆ, ಅದರ ಕೆಳಗೆ ಎರಡು ಗೇಣು. ಒಬ್ಬೊಬ್ಬರಾಗಿ ನೋಡುತ್ತಾರೆ. ಆಮೇಲೆ ಹಿಂದಿನಿಂದ ಕಂಡಕ್ಟರಮ್ಮನ ಪಿಸುಮಾತು ಬರುತ್ತದೆ: “ಎಲ್ರಿಗೂ ಕಂಡ್ತಾ?” ಎಲ್ಲರೂ ಹೂಂ ಎಂದರೆ, “ರೈಟ್, ರೈಟ್.” ಆಗ ಸಾಲು ಮುಂದಕ್ಕೆ ಹೋಗಬಹುದು. ಯಾರಾದರೂ ಒಬ್ಬರು ಇಲ್ಲ ಎಂದರೆ, “ಹೋಲ್ಡಾನ್.” ಅದೂ ಪಿಸುಮಾತೇ. ಆದರೂ ಮೇಷ್ಟ್ರ ಕಾಲು ಅಲ್ಲೇ ನಿಲ್ಲುತ್ತಿತ್ತು. ಕೊನೆಯವರಿಗೂ ಕಾಣುವ ತನಕ ಗುಂಪು ಅಲ್ಲಾಡುವಂತಿಲ್ಲ.

ಹಕ್ಕಿ ನೋಡಲು ಹೋಗುವವರೆಲ್ಲರಿಗೂ ಒಂದು ಸುಳ್ಳು ಗೊತ್ತು. ಪಕ್ಕದವರೆಲ್ಲ ‘ಆಹಾ’ ಎನ್ನುವಾಗ ತನಗೆ ಎಲೆ ಬಿಟ್ಟು ಬೇರೇನೂ ಕಾಣದಿದ್ದರೂ, ‘ಕಂಡಿತು, ಕಂಡಿತು’ ಎಂದುಬಿಡುವುದು. ನಾಚಿಕೆಗೋ, ಹಿಂದಿನವರಿಗೆ ಜಾಗ ಬಿಡಬೇಕೆಂದೋ. ಅವತ್ತು ನಾನೂ ಅದನ್ನೇ ಹೇಳಿದೆ. ಜೊಂಡಿನ ಬುಡದಲ್ಲಿ ನೀಲಿ ಕೊರಳಿನ ಒಂದು ಸಣ್ಣ ಹಕ್ಕಿ ಇದೆ, ಹಿಮಾಲಯದ ಆಚೆಯಿಂದ ಚಳಿಗಾಲ ಕಳೆಯಲು ಬಂದಿದೆ ಎಂದರು ಮೇಷ್ಟ್ರು. ಎಲ್ಲರೂ ನೋಡಿದರು. ನಾನು ಆ ಕಡೆ ಕಣ್ಣೂ ಹಾಯಿಸಲಿಲ್ಲ.

“ಎಲ್ರಿಗೂ ಕಂಡ್ತಾ?”

“ಕಂಡ್ತು” ಎಂದೆ ನಾನೂ.

“ಹೋಲ್ಡಾನ್” ಎಂದರು ಕಂಡಕ್ಟರಮ್ಮ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, “ಬಾಲ ಯಾವ ಕಡೆ ಇತ್ತಮ್ಮಿ?” ಎಂದರು.

ನಾನು ಸ್ವೆಟರಿನ ತೋಳು ಎಳೆದುಕೊಂಡೆ.

“ಟಿಕೆಟ್ ಇಲ್ದೆ ಕೂತೋರ ಮುಖ ನಂಗೆ ದೂರದಿಂದಾನೇ ಗೊತ್ತಾಯ್ತದೆ. ನೋಡು, ಪರವಾಗಿಲ್ಲ. ನಿಲ್ತೀವಿ.”

ನಿಂತೆವು. ಹಕ್ಕಿ ಜೊಂಡಿನೊಳಗೆ ಹೋಗಿಬಿಟ್ಟಿತ್ತು. ಬಿಸಿಲು ನೀರಿನ ಮೇಲಿಂದ ದಂಡೆಗೆ ಹತ್ತಿತು. ಬ್ಯಾಂಕಿನವರು ಕಾಲು ಬದಲಾಯಿಸಿದರು. ಕ್ಯಾಮೆರಾದ ಯುವಕ ಗೊಣಗಿದ: “ಆಂಟಿ, ಮುಂದೆ ಬಿಸಿಲೇರಿದ್ರೆ ಒಂದು ಹಕ್ಕೀನೂ ಸಿಗಲ್ಲ.”

“ಹೋಗ್ಲಿ ಬಿಡಪ್ಪ. ಇವಮ್ಮ ಇನ್ನೂ ಹತ್ತಿಲ್ಲ.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಷ್ಟು ಜನ ನನಗಾಗಿ ಕಾಯುತ್ತಿರುವಾಗ ನೋಡದೆ ಬೇರೆ ದಾರಿಯಿಲ್ಲವಲ್ಲ ಎಂದು ಜೊಂಡಿನ ಕಡೆ ನೋಡುತ್ತ ನಿಂತೆ. ಎಷ್ಟೋ ಹೊತ್ತಿನ ಮೇಲೆ ಕೆಸರಿನ ಅಂಚಿಗೆ ಒಂದು ಮಾಸಲು ಬಣ್ಣದ ಹಕ್ಕಿ ಕುಪ್ಪಳಿಸಿ ಬಂತು, ಬಾಲ ನಿಗುರಿಸಿತು, ಕತ್ತೆತ್ತಿತು. ಕೊರಳಲ್ಲಿ ನೀಲಿ. ನೋಡಿದೆ.

“ಕಂಡ್ತಕ್ಕ” ಎಂದೆ. ಆಮೇಲೆ ಯಾಕೋ ನಿಜವನ್ನೂ ಹೇಳಿಬಿಟ್ಟೆ: “ಆದ್ರೆ ಏನೂ ಅನ್ನಿಸ್ಲಿಲ್ಲ.”

“ಅನ್ನಿಸ್ಬೇಕು ಅಂತ ಯಾರು ಕೇಳಿದ್ರು ನಿನ್ನ? ಕಂಡ್ತಲ್ಲ, ಸಾಕು. ರೈಟ್, ರೈಟ್.”

ಗಂಡ ಸತ್ತ ಮೇಲೆ ನನ್ನಿಂದ ಏನನ್ನೂ ಬೇಡದ ಮೊದಲ ಮಾತು ಅದು. ಮುಂದಿನ ಭಾನುವಾರ ಕರೆಯುವ ಮೊದಲೇ ಸ್ವೆಟರ್ ಹಾಕಿಕೊಂಡು ಆಟೋದ ಹತ್ತಿರ ನಿಂತಿದ್ದೆ.

ಹೀಗೆ ಚಳಿಗಾಲಗಳು ಹೋದವು. ನಡಿಗೆ ಮುಗಿದ ಮೇಲೆ ಹೊಂಗೆಯ ಮರದ ಕೆಳಗೆ ಎಲ್ಲರೂ ಡಬ್ಬಿ ಬಿಚ್ಚುತ್ತಿದ್ದೆವು. ಅವರೆಕಾಯಿ ಕಾಲವಾದ್ದರಿಂದ ಎಲ್ಲರ ಡಬ್ಬಿಯಲ್ಲೂ ಅವರೆಕಾಳೇ, ಉಪ್ಪಿಟ್ಟಿನ ರೂಪದಲ್ಲೋ ಅಕ್ಕಿರೊಟ್ಟಿಯ ರೂಪದಲ್ಲೋ. ಕಂಡಕ್ಟರಮ್ಮ ಕೂರುತ್ತಿರಲಿಲ್ಲ. ಮರಕ್ಕೆ ಸೊಂಟ ಒರಗಿಸಿ ನಿಂತೇ ತಿನ್ನುತ್ತಿದ್ದರು. ನೀರಿನ ಅಂಚಿನಲ್ಲಿ ಬಾಲ ಕುಣಿಸುತ್ತ ಓಡುವ ಹಕ್ಕಿಗೆ ಕುಂಡೆಕುಸ್ಕ ಎಂದು ಹೆಸರು ಎಂದು ಮೇಷ್ಟ್ರು ಹೇಳಿದ ದಿನ ಅವರಿಗೆ ನಗು ತಡೆಯಲಾಗದೆ ಉಪ್ಪಿಟ್ಟು ನೆತ್ತಿಗೆ ಹತ್ತಿತು. “ನಮ್ ಡಿಪೋ ಮ್ಯಾನೇಜ್ರು ಒಬ್ರು ಹಂಗೇ ನಡೀತಿದ್ರು ಕಣಮ್ಮಿ” ಎಂದು ಕಣ್ಣೊರೆಸಿಕೊಂಡರು. ನಾನೂ ನಕ್ಕೆನಂತೆ. ಮನೆಗೆ ಹೋಗಿ ಮಗಳಿಗೆ ಹೇಳಿದಾಗ ಅವಳು ನನ್ನ ಮುಖವನ್ನೇ ನೋಡಿದಳು.

ಒಂದು ದಿನ ಕೇಳಿದೆ, “ಒಬ್ರಿಗೆ ಕಾಣ್ದಿದ್ರೆ ಏನು ಮುಳುಗೋಗುತ್ತಕ್ಕ? ಯಾಕೆ ಇಷ್ಟು ಹಟ?”

ಅವರು ಫ್ಲಾಸ್ಕಿನ ಮುಚ್ಚಳ ಬಿಚ್ಚಿ ಟೀ ಬಗ್ಗಿಸಿಕೊಂಡರು. ಆಮೇಲೆ ಹೇಳಿದರು. ಕೆಲಸಕ್ಕೆ ಸೇರಿದ ಹೊಸತು. ದಾಬಸ್‌ಪೇಟೆ ಜಂಕ್ಷನ್ನಿನಲ್ಲಿ ವಿಪರೀತ ರಶ್ಶು. ಹಿಂದೆ ತಿರುಗಿ ನೋಡದೆ ರೈಟ್ ಹೇಳಿಬಿಟ್ಟರು. ತಾಯಿಯೊಬ್ಬಳು ಕೂಸನ್ನೂ ಗಂಟನ್ನೂ ಎತ್ತಿಕೊಂಡು ಒಳಗೆ ಹತ್ತಿದ್ದಳು, ದೊಡ್ಡ ಮಗಳು ಕೆಳಗೇ ಉಳಿದಿದ್ದಳು. ಬಸ್ಸು ಅಷ್ಟು ದೂರ ಹೋದ ಮೇಲೆ ತಾಯಿ ಕಿರುಚಿಕೊಂಡಳು. ಇವರು ಇಳಿದು, ಲಾರಿಗಳ ನಡುವೆ ಓಡುತ್ತ ವಾಪಸ್ ಹೋದರು.

“ನಿಂತ ಜಾಗ್ದಾಗೇ ನಿಂತಿತ್ತು ಕಣಮ್ಮಿ ಆ ಮಗು. ಅಳ್ತಿರ್ಲಿಲ್ಲ. ಅತ್ತಿದ್ರೆ ನಂಗೆ ಇಷ್ಟು ಆಗ್ತಿರ್ಲಿಲ್ಲ. ಎತ್ಕೊಂಡ್ರೂ ಅಳ್ಲಿಲ್ಲ. ಅವರವ್ವನ ಕೈಗೆ ಕೊಟ್ಟ ಮ್ಯಾಕೆ ಜೀವ ಹೋಗೋ ಹಂಗೆ ಅತ್ತಿತು.” ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದರು. “ನಮ್ಮನೇವ್ರು ಹೋದಾಗ ನಂಗೂ ಹಂಗೇ. ಬ್ಯಾಗು ಹೆಗಲಿಗೆ ಬಿತ್ತು, ಅಳಕ್ಕೆ ಟೈಮಿರ್ಲಿಲ್ಲ. ಆಮೇಲೆ ಟೈಮಿತ್ತು, ಅಳು ಬರ್ಲಿಲ್ಲ. ಬರ್ಲೇ ಇಲ್ಲ. ನೀನು ಬಾಗಿಲಾಗೆ ನಿಂತಿರೋದು ನೋಡ್ದಾಗೆಲ್ಲ ದಾಬಸ್‌ಪೇಟೆ ನೆಪ್ಪಾಗ್ತಿತ್ತು.”

ಡಬ್ಬಿ ತೊಳೆಯಲು ನೀರಿನ ಹತ್ತಿರ ಹೋದೆ.

ಕೊನೆಯ ಚಳಿಗಾಲದಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಹೊಳೆಯ ನಡುವಿನ ಬಂಡೆಯ ಮೇಲೆ ನೀರುಕಾಗೆಯೊಂದು ರೆಕ್ಕೆ ಒಣಗಿಸುತ್ತ ಕೂತಿತ್ತು. ಕಂಡಕ್ಟರಮ್ಮ ಹಿಂದಿನಿಂದ ಬಂದು ನೋಡುವಷ್ಟರಲ್ಲಿ ಅದು ಹಾರಿಹೋಯಿತು. ಅವರು ಖಾಲಿ ಬಂಡೆಯನ್ನು ನೋಡಿ, “ಆಹಾ, ಚೆನ್ನಾಗೈತೆ. ರೈಟ್, ರೈಟ್” ಎಂದರು. ಬೇರೆ ಯಾರೂ ಗಮನಿಸಲಿಲ್ಲ. ದುರ್ಬೀನು ಕೊಟ್ಟಾಗಲೆಲ್ಲ ಅವರು, “ನೀವ್ ನೋಡಿ, ನೀವ್ ನೋಡಿ” ಎಂದು ಮುಂದಕ್ಕೆ ದಾಟಿಸುತ್ತಿದ್ದದ್ದು ನನಗೆ ಆಗ ನೆನಪಾಯಿತು.

ಬೀದಿಯ ತಿರುವಿನಲ್ಲಿ ಆಟೋ ಇಳಿದ ಮೇಲೆ ಕೇಳಿದೆ. “ಅಕ್ಕ, ಕಣ್ಣು ಕಾಣ್ತಿಲ್ವಾ?”

“ಬಸ್ಸು ಕಾಣ್ತದೆ, ಬೋರ್ಡು ಕಾಣಲ್ಲ” ಎಂದರು. ಕಣ್ಣಿನ ಒತ್ತಡ ಜಾಸ್ತಿಯಾಗಿ ನರ ಸೊರಗಿದೆ, ಹೋದ ನೋಟ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರಂತೆ. “ಯಾರ್ಗೂ ಹೇಳ್ಬೇಡ. ಹೇಳಿದ್ರೆ ನನಗೋಸ್ಕರ ನಿಲ್ಲಿಸ್ತಾರೆ. ಕಂಡಕ್ಟ್ರಿಗೋಸ್ಕರ ಯಾರಾದ್ರೂ ಬಸ್ ನಿಲ್ಲಿಸ್ತಾರೇನಮ್ಮಿ?”

ಹೇಳುವುದಿಲ್ಲ ಎಂದು ಒಪ್ಪಿಕೊಂಡೆ. ಹೇಳಲೂ ಇಲ್ಲ.

ಮುಂದಿನ ಭಾನುವಾರ ಮೇಷ್ಟ್ರು ಜೊಂಡಿನ ಹತ್ತಿರ ಕೈ ಎತ್ತಿದರು. ಅದೇ ನೀಲಿ ಕೊರಳಿನ ಹಕ್ಕಿ, ಆ ವರ್ಷವೂ ಬಂದಿತ್ತು. ನನಗೆ ತಕ್ಷಣ ಕಂಡಿತು. ಎಲ್ಲರಿಗೂ ಕಂಡಿತು. ಕಂಡಕ್ಟರಮ್ಮ ಜೊಂಡಿನ ಕಡೆ ಮುಖ ಮಾಡಿ, “ಎಲ್ರಿಗೂ ಕಂಡ್ತಾ?” ಎಂದರು.

“ಹೋಲ್ಡಾನ್” ಎಂದೆ ನಾನು. “ನಂಗೆ ಕಂಡಿಲ್ಲ.”

ಮೇಷ್ಟ್ರು ನಿಂತರು. ಮತ್ತೆ ಗುರುತು ಹೇಳಿದರು. ನಾನು ತಲೆಯಾಡಿಸಿದೆ. “ಅಲ್ಲೇ ಇದೆಯಲ್ಲ ಮೇಡಂ, ನಿಮ್ ಕಣ್ಣೆದುರಿಗೇ!” ಎಂದ ಕ್ಯಾಮೆರಾದ ಯುವಕ. “ನಿನಗಿರೋ ಕಣ್ಣು ನನಗಿಲ್ಲಪ್ಪ, ಏನ್ಮಾಡ್ಲಿ?” ಎಂದೆ ಜೋರಾಗಿ. ಮಗ್ಗದ ಮನೆಯ ಗಂಟಲು, ಎಲ್ಲಿ ಹೋಗುತ್ತದೆ. ಹಕ್ಕಿ ಒಳಗೆ ಹೋಯಿತು, ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಪ್ರತಿ ಸಲವೂ ನನಗೆ ಕಾಣಲಿಲ್ಲ. ಅಕ್ಕನ ಕೈ ಹಿಡಿದು, ನನಗೆ ಆಸರೆ ಬೇಕೆನ್ನುವವಳಂತೆ, ನೀರಿನ ಅಂಚಿನವರೆಗೂ ಕರೆದುಕೊಂಡು ಇಳಿದೆ. ಅಲ್ಲಿ ಇಬ್ಬರೂ ಅಲ್ಲಾಡದೆ ನಿಂತೆವು. ಚಪ್ಪಲಿಯೊಳಗೆ ಕೆಸರು ತುಂಬಿ ಕಾಲು ಜೋಮು ಹಿಡಿಯಿತು. ಕೊನೆಗೆ ಹಕ್ಕಿಗೇ ಬೇಜಾರಾಯಿತೋ ಏನೋ, ನಮ್ಮಿಂದ ನಾಲ್ಕು ಮಾರು ದೂರದ ಬರಿಯ ಕೆಸರಿಗೆ ಕುಪ್ಪಳಿಸಿ ಬಂದು, ಬಿಸಿಲಿಗೆ ಎದೆಯೊಡ್ಡಿ ನಿಂತಿತು.

ಅಕ್ಕ ಕತ್ತು ಓರೆ ಮಾಡಿದರು. ಕಣ್ಣಿನ ಯಾವ ಮೂಲೆಯಲ್ಲಿ ನೋಟ ಉಳಿದಿತ್ತೋ ಆ ಮೂಲೆಗೆ ಅದನ್ನು ತಂದುಕೊಂಡರು.

“ಬಾಲ ಯಾವ ಕಡೆ ಐತಕ್ಕ?” ಎಂದೆ.

“ಮ್ಯಾಲಕ್ಕೆ” ಎಂದರು. ಆಮೇಲೆ ಮೆಲ್ಲಗೆ, “ಬರೀ ನೀಲಿ ಅಂತಿದ್ರಲ್ಲೇ ಎಲ್ರೂ. ನೀಲಿ ನಡುವೆ ಕೆಂಪು ಐತಲ್ಲ. ನಿಮ್ಮನೇವ್ರು ನೇಯ್ತಿದ್ರಲ್ಲ, ನೀಲಿ ಸೀರೆ, ಕೆಂಪು ಅಂಚು. ಹಂಗೇ.”

ನೋಡಿದೆ. ಹೌದು, ಕೆಂಪಿತ್ತು. ಅಷ್ಟು ಚಳಿಗಾಲ ನೋಡಿಯೂ ನನಗೆ ಅದು ಕಂಡಿರಲಿಲ್ಲ. ನಮ್ಮ ಯಜಮಾನರು ಕುಸಿದು ಕುಳಿತ ದಿನ ಮಗ್ಗದ ಮೇಲಿದ್ದದ್ದು ಅದೇ ಬಣ್ಣದ ಸೀರೆ. ಎದೆಯಲ್ಲಿ ಏನೋ ಒಂದು ಕದಲಿದ ಹಾಗಾಯಿತು, ಆಮೇಲೆ ಹಾಗೆಯೇ ಕೂತುಬಿಟ್ಟಿತು. ಅಕ್ಕ ನನ್ನ ಕೈಯನ್ನು ಒಮ್ಮೆ ಒತ್ತಿದರು. ನಾನು ಯಾಕೆ ಹೋಲ್ಡಾನ್ ಹೇಳಿದ್ದೆ ಎಂದು ಟಿಕೆಟ್ ಇಲ್ಲದವರ ಮುಖ ಓದುವವರಿಗೆ ತಿಳಿಯದೇ ಇರುತ್ತದೆಯೇ? ಬೈಯಲಿಲ್ಲ. ದಂಡೆಯ ಕಡೆ ತಿರುಗಿ, “ಎಲ್ರಿಗೂ ಕಂಡ್ತು. ರೈಟ್, ರೈಟ್” ಎಂದರು.

ಆ ಬೇಸಿಗೆಯಲ್ಲಿ ಅವರು ಹೋದರು. ಬೆಳಿಗ್ಗೆ ನೀರು ಹಿಡಿಯಲು ಎದ್ದವರಿಗೆ ಎದೆ ನೋವು ಬಂದಿದೆ. ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲೇ ಮುಗಿಯಿತು. ಕುಂದಾಣದ ಹೊಲದಲ್ಲಿ ಮಣ್ಣು ಮಾಡಿದರು. ನಾನು ಒಂದು ಹಿಡಿ ಮಣ್ಣು ಹಾಕಿದೆ, ಕೈ ಒದರಿದೆ. ಮೇಷ್ಟ್ರು ಅತ್ತರು, ಕ್ಯಾಮೆರಾದ ಯುವಕನೂ ಅತ್ತ. ನಾನು ನಿಂತಿದ್ದೆ. ಯಾರೋ ಹೆಂಗಸು ನನ್ನನ್ನು ನೋಡಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಹೇಳಲಿ. ಮನೆಗೆ ಬಂದು ಸ್ನಾನ ಮಾಡಿ ಸಾರು ಮಾಡಿದೆ. ಮಗಳು ಒಂದು ತುತ್ತು ಬಾಯಿಗಿಟ್ಟು ಮಜ್ಜಿಗೆ ಸುರಿದುಕೊಂಡಳು.

ಚಳಿ ಬಂತು. ಮೊದಲ ಭಾನುವಾರ ನಾನು ಹೋಗಬೇಕೋ ಬೇಡವೋ ಎಂದು ಯೋಚಿಸಲೂ ಇಲ್ಲ, ಕಾಲು ಹೋಯಿತು. ಆಟೋದಲ್ಲಿ ಒಂದು ಸೀಟು ಖಾಲಿ ಇತ್ತು. ದಂಡೆಯ ಮೇಲೆ ನಾನೇ ಎಲ್ಲರ ಹಿಂದೆ ನಡೆದೆ, ಯಾರೂ ಹೇಳಿರಲಿಲ್ಲ. ಜೊಂಡಿನ ಹತ್ತಿರ ಮೇಷ್ಟ್ರು ಕೈ ಎತ್ತಿದರು. ಗುರುತು ಹೇಳಿದರು. ಎಲ್ಲರೂ ನೋಡಿದರು, ‘ಆಹಾ’ ಎಂದರು. ಆಮೇಲೆ ಒಂದು ಗಳಿಗೆ ಎಲ್ಲರೂ ಸುಮ್ಮನೆ ನಿಂತಿದ್ದರು. ಹಿಂದಿನಿಂದ ಬರಬೇಕಾದ ಮಾತಿಗೆ ಕಾಯುತ್ತಿದ್ದರು ಎಂದು ನನಗೆ ಗೊತ್ತಾಯಿತು. ಅದು ಬರಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿ ಮುಂದೆ ನಡೆದರು. ಸಾಲು ಅವರ ಹಿಂದೆ ಹೋಯಿತು.

ನಾನು ಹೋಗಲಿಲ್ಲ. ಕಾಲು ಏಳಲಿಲ್ಲ. ಸಾಲು ದೂರವಾಗುತ್ತ ಹೋದದ್ದನ್ನು ನೋಡುತ್ತ ನಿಂತ ಜಾಗದಲ್ಲೇ ನಿಂತಿದ್ದೆ. ಯಾರೂ ಹಿಂದೆ ತಿರುಗಲಿಲ್ಲ. ಇನ್ನು ಓಡಿಬಂದು ನನ್ನನ್ನು ಎತ್ತಿಕೊಳ್ಳುವವರು ಯಾರೂ ಇಲ್ಲ ಎಂದು ತಿಳಿಯಿತು. ಆಗ ಅಳು ಬಂತು. ತಡೆಯಲಾಗದೆ, ಬಾಯಿಬಿಟ್ಟು. ಅಕ್ಕನಿಗಾಗಿ ಅತ್ತೆ, ನಮ್ಮ ಯಜಮಾನರಿಗಾಗಿ ಅತ್ತೆ, ನಿಂತುಹೋದ ಮಗ್ಗಗಳಿಗಾಗಿ ಅತ್ತೆ. ಅಷ್ಟು ವರ್ಷದ್ದು, ಒಟ್ಟಿಗೆ.

ಸದ್ದು ಕೇಳಿ ಮೇಷ್ಟ್ರು ಓಡಿಬಂದರು. ಏದುಸಿರು ಬಿಡುತ್ತ ನನ್ನ ಮುಖ ನೋಡಿದರು. “ಮೇಡಂ, ಕಾಣ್ಲಿಲ್ವಾ?” ಎಂದರು.

“ಇಲ್ಲ” ಎಂದೆ. ಸುಳ್ಳಲ್ಲ. ಕಣ್ಣ ತುಂಬ ನೀರು, ಹೊಳೆಯೇ ಕಾಣುತ್ತಿರಲಿಲ್ಲ.

ದಂಡೆಯ ಮೇಲೆ ಗಂಟಲೆತ್ತಿದವರನ್ನೆಲ್ಲ ಕೈ ಮುಗಿದು ಬೇಡಿಕೊಂಡೇ ಕಾಲ ಕಳೆದ ಆ ಮನುಷ್ಯ ಮುಂದಿನ ಸಾಲಿನ ಕಡೆ ತಿರುಗಿ, ಎರಡೂ ಕೈಯನ್ನು ಬಾಯಿಯ ಹತ್ತಿರ ಹಿಡಿದು, ಪ್ರಾಣ ಹೋಗುವಷ್ಟು ಜೋರಾಗಿ ಕೂಗಿದರು.

“ಹೋಲ್ಡಾನ್!”

ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. ಎಲ್ಲರೂ ನಿಂತರು.